ವಿಶಾಲು ಕೂಗಿದ ಮಾತು

ಹೊಳೆದಂಡೆ ಓಣಿ, ಹರಿಹರ
ಕೊಸರು ತಿಂಗಳ ಮೂವತ್ತೆಂಟನೇ ದಿನ, ಇಸವಿ ಎರಡು ಸಾವಿರದ ಇನ್ನೂರ ಹತ್ತೊಂಬತ್ತು
ಮಟಮಟ ಮಧ್ಯಾಹ್ನ

ವಿಶಾಲು,

ಮೇಲಿನ ತಾರೀಕು ನೋಡಿ ನಗಬೇಡ. ಬಿಸಿಲಿಗೆ ತಕ್ಕಂತೆ ಪಂಚಾಂಗ ತಿದ್ದಿದವರು ಪ್ರತಿ ತಿಂಗಳಿಂದಲೂ ಕೆಲವು ದಿನ ಕಿತ್ತು, ಆ ಉಳಿಕೆಯನ್ನೆಲ್ಲ ವರ್ಷದ ಕಡೆಗೆ ಒಂದು ತಿಂಗಳು ಮಾಡಿಟ್ಟರು. ನಿಮ್ಮ ಕಾಲದ ಮಂಡಕ್ಕಿಯವನು ಅಳೆದು ಕೊಟ್ಟ ಮೇಲೆ ಇನ್ನೊಂದು ಹಿಡಿ ಸುರಿಯುತ್ತಿದ್ದನಲ್ಲ, ಆ ಕೊಸರಿನ ಹೆಸರೇ ಈ ತಿಂಗಳಿಗೆ ಬಂತು. ನನ್ನ ಮಾತು ನಿನಗೆ ಅಲ್ಲಲ್ಲಿ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಕಟುಕ್ಕೆನ್ನಬಹುದು, ಕ್ಷಮಿಸು. ಕಾಲೇಜಿನಲ್ಲಿ ನಾನು ಓದಿದ್ದು ಹಳೆಮಾತು. ನೀವು ಆಡುತ್ತಿದ್ದ ಕನ್ನಡಕ್ಕೆ ನಮ್ಮಲ್ಲಿ ಹಾಗನ್ನುತ್ತಾರೆ. ಪರೀಕ್ಷೆಗೆಂದು ಓದಿದ್ದು ಈಗ ಕೈಗೆ ಎಷ್ಟು ಬರುತ್ತದೋ ಅಷ್ಟರಲ್ಲಿ ಬರೆಯುತ್ತಿದ್ದೇನೆ. ನಿನ್ನನ್ನು ಏನೆಂದು ಕರೆಯಬೇಕೋ ಅದೂ ಗೊತ್ತಾಗಲಿಲ್ಲ. ಇಸವಿ ಲೆಕ್ಕ ಹಿಡಿದರೆ ನೀನು ನನ್ನ ಮುತ್ತಜ್ಜಿಗೂ ಮುತ್ತಜ್ಜಿ, ಮುಖ ನೋಡಿದರೆ ನನಗಿಂತ ಹತ್ತು ವರ್ಷ ಚಿಕ್ಕವಳು. ಅದಕ್ಕೇ ಬರೀ ಹೆಸರು ಬರೆದೆ.

ಅದೂ ನಿನ್ನ ನಿಜವಾದ ಹೆಸರಲ್ಲ. "ಕಟ್ಟೆ ಕಾಲೇಜು" ಎಂಬ ಸಿನಿಮಾದಲ್ಲಿ ನಿನಗಿಟ್ಟ ಹೆಸರು. ಅದರಲ್ಲಿ ಅಭಿನಯಿಸಿದವರ ಹೆಸರು ಬರುವ ಭಾಗ ಸುಟ್ಟುಹೋಗಿದೆ. ಒಂದೇ ವಾರ ಓಡಿದ ಕಪ್ಪು-ಬಿಳುಪಿನ ಸಿನಿಮಾ ಅದು, ಯಾರೂ ನೆನಪಿಟ್ಟುಕೊಳ್ಳಲಿಲ್ಲ ಎಂದು ಓದಿದ್ದೇನೆ. ಪಿ.ಯು.ಸಿ.ಯಲ್ಲಿ ಫೇಲಾದ ಮೂವರು: ನೀನು, ಪಾಂಡು, ಇಕ್ಬಾಲ. ಮೂವರಿಗೂ ಸೇರಿ ಒಂದು ಸೈಕಲ್ಲು, ಒಂದು ಟ್ರಾನ್ಸಿಸ್ಟರ್, ಒಂದು ಕಪ್ಪು ಕನ್ನಡಕ. ಸಂಜೆಯಾದರೆ ನಮ್ಮ ಹರಿಹರದ ಸೇತುವೆಯ ಕಟ್ಟೆ ಮೇಲೆ ಸಾಲಾಗಿ ಕೂತು, ಕಾಲು ಇಳಿಬಿಟ್ಟು, ಕಾಗದದ ಪೊಟ್ಟಣದಿಂದ ಮಂಡಕ್ಕಿ ತಿನ್ನುತ್ತೀರಿ. "ಲೇ ಇಕ್ಬಾಲ, ಕನ್ನಡಕ ತಗೀಲೇ, ಇವತ್ತು ನನ್ ಪಾಳಿ" ಎಂದು ಪಾಂಡು ಎಳೆದಾಡುತ್ತಾನೆ. "ನಿನ್ ಮುಖಕ್ಕೆ ಅದನ್ನ ಹಾಕಿದ್ರೆ ಕನ್ನಡಕಕ್ಕೇ ನಾಚಿಕೆ ಆಗ್ತೈತಿ" ಎಂದು ನೀನು ಅನ್ನುತ್ತೀ. ಅಷ್ಟೇ. ಅರ್ಧ ಸಿನಿಮಾ ಮುಗಿದರೂ ಏನೂ ಆಗುವುದಿಲ್ಲ. ಆ ಏನೂ ಆಗದ ಭಾಗವನ್ನು ನೋಡುವಾಗ ನನ್ನ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು.

ಯಾಕೆ ಎಂದು ತಿಳಿಯಬೇಕಾದರೆ ನಮ್ಮ ದಿನ ಹೇಗಿರುತ್ತದೆ ಎಂದು ಸ್ವಲ್ಪ ಹೇಳಬೇಕು. ನಾವು ಹಗಲು ಮಲಗುವ ಜನ. ಹೊತ್ತು ಏರಿದರೆ ಓಣಿಗೆ ಓಣಿಯೇ ಬಾಗಿಲು ಹಾಕಿಕೊಂಡು ಬಿದ್ದಿರುತ್ತದೆ. ಹೊತ್ತು ಮುಳುಗಿದ ಮೇಲೆ ಒಲೆ, ಶಾಲೆ, ಸಂತೆ, ಹೊಲ. ಮನೆಯೊಳಗಿನ ತಂಪು ನಮಗೆ ಬಿಂದಿಗೆಯ ನೀರಿನ ಹಾಗೆ. ಒಂದು ಸಲ ಬಾಗಿಲು ತೆಗೆದರೆ ಅರ್ಧ ಹರಿದುಹೋಗುತ್ತದೆ. ಅದಕ್ಕೇ ಹಿಂದಿನವರು ಬಾಗಿಲಿಗೊಂದು ದನಿ ಕೂರಿಸಿದರು. ಹೊರಡುವವರನ್ನು ಅದು "ಯಾಕೆ?" ಎಂದು ಕೇಳುತ್ತದೆ. ಕಾರಣ ಹೇಳಿದರೆ ತೆರೆಯುತ್ತದೆ. ಮಕ್ಕಳು ಅದನ್ನು ಯಾಕಮ್ಮ ಎಂದು ಕರೆಯುತ್ತವೆ, ಈಗ ದೊಡ್ಡವರೂ ಹಾಗೇ ಅನ್ನುತ್ತಾರೆ. ಯಾಕಮ್ಮ ಕೆಟ್ಟವಳಲ್ಲ, ಬೆಂಕಿಯಂಥ ವರ್ಷಗಳಲ್ಲಿ ಎಷ್ಟೋ ಮನೆಗಳನ್ನು ಉಳಿಸಿದಳು. ಆದರೆ ಬಾಗಿಲಿಗೆ ಕಾರಣ ಹೇಳಿ ಹೇಳಿ ನಮಗೆ ಅದೇ ಅಭ್ಯಾಸ ಕೂತಿತು. ಹಾಡುವುದಕ್ಕೆ ಕಾರಣ, ಮುತ್ತು ಕೊಡುವುದಕ್ಕೆ ಕಾರಣ. ನಮಗೂ ನಗು ಬರುತ್ತದೆ ವಿಶಾಲು; ಯಾತಕ್ಕೆ ನಕ್ಕೆ ಎಂದು ಕೇಳಿದರೆ ಹೇಳಿಯೂ ಹೇಳುತ್ತೇವೆ.

ಇನ್ನು ಹೆಪ್ಪು. ಹಾಲಿಗೆ ಹಾಕುವುದಲ್ಲ, ಮಕ್ಕಳಿಗೆ ಹಾಕುವುದು. ಮಗುವಿಗೆ ವರ್ಷ ತುಂಬುವ ಮೊದಲು ಚಾವಡಿಯಲ್ಲಿ ಹೆಪ್ಪಮ್ಮ ಎನ್ನುವವಳು ಕಿವಿಯ ಹಿಂದೆ ಸೂಜಿ ತಾಗಿಸಿ ಒಂದು ಹನಿ ಬಿಡುತ್ತಾಳೆ. ಅಲ್ಲಿಗೆ ಮುಗಿಯಿತು. ಮಗು ಆಡುತ್ತದೆ, ಓದುತ್ತದೆ, ಹನ್ನೆರಡಾದ ಮೇಲೆ ಒಂದು ಮಳೆಗಾಲದಲ್ಲಿ ಗಟ್ಟಿ ಮೊಸರಿನ ಹಾಗೆ ಕೂತು ದೊಡ್ಡದಾಗಿಬಿಡುತ್ತದೆ. ನೀವು ಕಟ್ಟೆ ಮೇಲೆ ಕಳೆದ ಆ ವಯಸ್ಸು ನಮಗೆ ಬರುವುದೇ ಇಲ್ಲ. ಹರೆಯ ಎಂಬ ಮಾತು ನಮ್ಮ ವೈದ್ಯರ ಪುಸ್ತಕದಲ್ಲಿ ಸಿಡುಬು, ಕಾಲರಾಗಳ ಜೊತೆ ಇದೆ. ನನಗೂ ಹಾಕಿದ್ದಾರೆ, ನನ್ನ ಗಂಡ ಮುರಿಗೇಶನಿಗೂ ಹಾಕಿದ್ದಾರೆ. ಮಗುವಾದ ಮನೆಗೆ ಬಂದವರು ಮೊದಲು ಕೇಳುವುದೇ "ಕೂಸಿಗೆ ಹೆಪ್ಪಾತೇನ್ರೀ?" ಎಂದು. ಆಗದಿದ್ದರೆ ತುಟಿ ಬಿಗಿಹಿಡಿದು, "ಇನ್ನೂ ಹಸಿ ಹಾಲು, ಹುಷಾರು" ಅನ್ನುತ್ತಾರೆ.

ನನ್ನ ಮಗಳು ತುಂಗಿ ಇನ್ನೂ ಹಸಿ ಹಾಲು. ಈ ಕೊಸರು ತಿಂಗಳು ಮುಗಿದರೆ ಅವಳಿಗೆ ವರ್ಷ ತುಂಬುತ್ತದೆ. ಇವತ್ತು ಸಂಜೆ ಅವಳನ್ನು ಎತ್ತಿಕೊಂಡು ಚಾವಡಿಗೆ ಹೋಗಬೇಕು.

ಬೇಡ ಅನ್ನಲು ದಾರಿಯಿದೆ. ತಾಯಿ ಮತ್ತು ಗಂಡನ ಮನೆಯ ಒಬ್ಬ ಹಿರಿಯರು ಚಾವಡಿಯಲ್ಲಿ ಬೇರೆ ಬೇರೆ ನಿಂತು ಒಂದೇ ಕಾರಣ ಹೇಳಬೇಕು. ಕಾರಣ ಹೊಂದದಿದ್ದರೆ, ಇಲ್ಲವೇ ಇಬ್ಬರಲ್ಲಿ ಒಬ್ಬರು ಸುಮ್ಮನೆ ನಿಂತುಬಿಟ್ಟರೆ, ಅದನ್ನು ಒಪ್ಪಿಗೆ ಎಂದೇ ಹಿಡಿಯುತ್ತಾರೆ. ಇನ್ನೊಂದು ಕಟ್ಟಳೆಯೂ ಇದೆ. ಅದಕ್ಕೆ ನಾನು ಹೆದರಿ ಸಾಯುತ್ತಿದ್ದೇನೆ. ಹೆರಿಗೆಯಾದ ಮೇಲೆ ಕೆಲವು ಹೆಂಗಸರ ಹೆಪ್ಪು ಒಡೆಯುತ್ತದೆ. ನಿದ್ದೆ ಹಾರುತ್ತದೆ, ಎದೆ ಡವಡವ ಅನ್ನುತ್ತದೆ, ಇಲ್ಲದ ಕೇಡು ಕಣ್ಣಿಗೆ ಕಟ್ಟುತ್ತದೆ. ಒಡೆದವಳ ಮಾತಿಗೆ ಚಾವಡಿಯಲ್ಲಿ ಬೆಲೆಯಿಲ್ಲ. ತುಂಗಿ ಹುಟ್ಟಿದಾಗಿನಿಂದ ನಾನು ಒಂದು ಹಗಲೂ ನೆಟ್ಟಗೆ ಮಲಗಿಲ್ಲ. ಅವಳ ಉಸಿರು ಬರುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ, ಬರುತ್ತಿದೆ ಎಂದು ತಿಳಿದ ಮೇಲೂ ಬೆರಳು ತೆಗೆಯುವುದಿಲ್ಲ. ಮುರಿಗೇಶ ಪಕ್ಕದಲ್ಲಿ ನಿದ್ದೆ ಹೋದವನಂತೆಯೇ ಇರುತ್ತಾನೆ. ಆದರೆ ನಿನ್ನೆ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ, "ನೀಲಾ, ಚಾವಡಿಗೆ ಹೋಗೋವಾಗ ಕಣ್ಣ ಕೆಳಗೆ ಒಂಚೂರು ಪೌಡರ್ ಹಚ್ಕೋ. ಬೆಳಕು ಜಾಸ್ತಿ ಇರ್ತತಿ ಅಲ್ಲಿ" ಎಂದ. ಅವನಿಗೆ ಎಲ್ಲ ಗೊತ್ತಿದೆ. ಕಾರಣ ಸಿಕ್ಕರೆ ನನ್ನ ಕಡೆಯೇ ನಿಲ್ಲುತ್ತಾನೆ, ಆದರೆ ಅವನ ಮಾತು ಲೆಕ್ಕಕ್ಕಿಲ್ಲ. ಬೇಕಾದದ್ದು ಹಿರಿಯರ ಮಾತು. ನಮ್ಮ ಮನೆಯಲ್ಲಿ ಹಿರಿಯರೆಂದರೆ ಒಬ್ಬರೇ, ಮುರಿಗೇಶನ ತಾಯಿ, ನಮ್ಮತ್ತೆ ಹಾಲಮ್ಮ.

ಅತ್ತೆಯನ್ನು ಕೇಳುವ ಧೈರ್ಯ ನನಗಿರಲಿಲ್ಲ. ಅವರಣ್ಣ ಕೊಟ್ರೇಶಿ ಹದಿನಾರನೇ ವಯಸ್ಸಿಗೆ ಇದೇ ಸೇತುವೆಯಿಂದ ಹೊಳೆಗೆ ಬಿದ್ದು ಹೋದವನು. ಆಗ ಹೆಪ್ಪು ಇರಲಿಲ್ಲ. ಆ ಬೇಸಿಗೆ ಅವನ ಓರಗೆಯವರು ಊರೂರಲ್ಲಿ ಹಾಗೇ ಹೋದರು. ಅವರ ಮನಸ್ಸಿನಲ್ಲಿ ಏನಿತ್ತೆಂದು ಯಾರಿಗೂ ತಿಳಿಯಲಿಲ್ಲ. ಅಳುವ ತಾಯಂದಿರೇ ಬೀದಿಗೆ ಬಂದು ಹೆಪ್ಪು ಬೇಕೆಂದು ಕೇಳಿದರು. ಅದು ಯಾರೋ ದುಷ್ಟರು ಹೇರಿದ್ದಲ್ಲ. ಅದಕ್ಕೇ ನನ್ನ ನಾಲಿಗೆ ಏಳುವುದಿಲ್ಲ.

ನಿನ್ನನ್ನು ನಾನು ನೋಡಿದ್ದು ಅಲ್ಲೇ, ಚಾವಡಿಯಲ್ಲಿ. ಹೆಪ್ಪಿಗೆ ಮುಂಚೆ ಎಲ್ಲ ತಾಯಂದಿರನ್ನೂ ಕೂರಿಸಿ "ಕಟ್ಟೆ ಕಾಲೇಜು" ತೋರಿಸುತ್ತಾರೆ. ಹರೆಯ ಎಂದರೆ ಏನೆಂದು ತಿಳಿಯಲಿ ಎಂದು. ಹಳೆಮಾತು ಎಲ್ಲರಿಗೂ ಬಾರದೆಂದು ಕೆಳಗೆ ನಮ್ಮ ಮಾತಿನಲ್ಲಿ ಅರ್ಥ ಬರೆದಿರುತ್ತಾರೆ. ನಿನ್ನಪ್ಪ ನಿನ್ನನ್ನು "ಎಲ್ಲಿಗೆ ಹೋಗಿದ್ದೆ, ಯಾಕೆ ಹೋಗಿದ್ದೆ?" ಎಂದು ಕೇಳುತ್ತಾನೆ. ನೀನು ಜಡೆಯ ತುದಿ ಸುತ್ತಿಕೊಳ್ಳುತ್ತಾ "ಸುಮ್ನೆ" ಅನ್ನುತ್ತೀ. ಮೇಷ್ಟ್ರು ಪಾಂಡುವನ್ನು ಕೇಳಿದರೆ ಅವನೂ "ಸುಮ್ನೆ ಸಾರ್". ಇಕ್ಬಾಲನ ಅಕ್ಕ ಕಿವಿ ಹಿಂಡಿದರೂ "ಸುಮ್ನೆ, ಬಿಡೇ." ಪ್ರತಿ ಸಲವೂ ಕೆಳಗೆ ಅರ್ಥ ಬರುತ್ತದೆ: ಬಾಯಿ ಬಿಡಬೇಡಿ. ನಮಗೆ ಸುಮ್ಮನೆ ಎಂದರೆ ಅಷ್ಟೇ, ಮಾತಿಲ್ಲದೆ ಇರುವುದು. ಸುಮ್ನಿರು, ಸುಮ್ನೆ ಕೂತ್ಕೋ. ಮೂವರೂ ಏನೋ ಗುಟ್ಟು ಕಟ್ಟಿಕೊಂಡಿದ್ದಾರೆ, ಆಣೆ ಮಾಡಿದ್ದಾರೆ ಎಂದು ನಾವು ತಿಳಿಯುತ್ತೇವೆ. ಕಡೆಗೆ ನೀನು ಸೇತುವೆಯ ಕಟ್ಟೆ ಏರಿ, ಎರಡೂ ಕೈ ಚಾಚಿ ನಿಲ್ಲುತ್ತೀ. ಕೆಳಗೆ ತುಂಬಿದ ಹೊಳೆ. ಸೈಕಲ್ ಎಸೆದು ನಿನ್ನಪ್ಪ ಓಡಿಬರುತ್ತಾ "ಯಾಕೇ, ವಿಶಾಲೂ!" ಎಂದು ಕೂಗುತ್ತಾನೆ. ನೀನು ತಿರುಗುತ್ತೀ. ಬಾಯಿ ತೆರೆಯುತ್ತೀ. ಅಲ್ಲಿಗೆ ಸುರುಳಿ ಸುಟ್ಟಿದೆ. ಮುಂದೆ ಬರೀ ಬಿಳಿ. ಆ ಬಿಳಿಯ ಮೇಲೆ ಚಾವಡಿಯವರು ಒಂದು ಸಾಲು ಬರೆದಿದ್ದಾರೆ, ಇವಳು ಉಳಿಯಲಿಲ್ಲ ಎಂದು. ತಾಯಂದಿರೆಲ್ಲ ಮಕ್ಕಳನ್ನು ಎದೆಗೊತ್ತಿಕೊಂಡು ಬಿಕ್ಕುತ್ತಾ ಹೆಪ್ಪಮ್ಮನ ಕಡೆ ಏಳುತ್ತಾರೆ.

ನಾನೂ ಏಳುತ್ತಿದ್ದೆ. ನನ್ನನ್ನು ಹಿಡಿದು ಕೂರಿಸಿದ್ದು ನಡುವಿನ ಒಂದು ತುಣುಕು. ರೈಲು ನಿಲ್ದಾಣದಲ್ಲಿ ನೀನು ಈಚೆ, ಅವರಿಬ್ಬರು ಹಳಿಗಳ ಆಚೆ. ಸ್ಟೇಷನ್ ಮಾಸ್ತರು ಬಂದು, "ಯಾವ ರೈಲಿಗೆ ತಾಯಿ?" ಎಂದು ಕೇಳುತ್ತಾರೆ. "ಯಾವ ರೈಲಿಗೂ ಅಲ್ಲ ಸಾರ್!" "ಮತ್ತ್ಯಾಕೆ ಬಂದ್ರಿ ಎಲ್ಲಾರೂ?" ನೀನು ಎರಡೂ ಕೈಯನ್ನು ಬಾಯಿಗೆ ದೊನ್ನೆಯ ಹಾಗೆ ಹಿಡಿದು, ಹಳಿಯ ಆಚೆಗೂ ಕೇಳಲೆಂದು ಕತ್ತಿನ ನರ ಉಬ್ಬುವ ಹಾಗೆ "ಸುಮ್ನೇ!" ಎಂದು ಕೂಗುತ್ತೀ. ಆಚೆಯಿಂದ ಅವರಿಬ್ಬರೂ "ಸುಮ್ನೇ!" ಕೆಳಗೆ ಅದೇ ಅರ್ಥ, ಬಾಯಿ ಬಿಡಬೇಡಿ. ವಿಶಾಲು, ಬಾಯಿ ಬಿಡಬೇಡಿ ಎಂದು ಯಾರಾದರೂ ಹಾಗೆ ಕೂಗುತ್ತಾರೆಯೇ? ಕೂಗುವಾಗ ನಗುತ್ತಾರೆಯೇ? ನನ್ನ ಸುತ್ತ ಯಾರ ಮುಖದಲ್ಲೂ ಆ ಪ್ರಶ್ನೆ ಇರಲಿಲ್ಲ. ನಾನು ತುಂಗಿಗೆ ಜ್ವರವೆಂದು ಸುಳ್ಳು ಹೇಳಿ, ಹೆಪ್ಪಿನ ದಿನವನ್ನು ಮುಂದೂಡಿಸಿಕೊಂಡು ಬಂದೆ. ಒಂದು ಸಲ ಮಾತ್ರ ಹಾಗೆ ಮುಂದೂಡಬಹುದು.

ಆಮೇಲೆ ಆ ಮಾತನ್ನು ಎಲ್ಲೆಲ್ಲಿ ಹುಡುಕಿದೆನೋ. ಹಳೆಮಾತಿನ ನಿಘಂಟು ಈಚಿನವರು ಕಟ್ಟಿದ್ದು, ಅದರಲ್ಲೂ ಮೌನ ಎಂದೇ ಇದೆ. ಸಿಕ್ಕಿದ್ದು ಮನೆಯಲ್ಲೇ. ಮೊನ್ನೆ ತುಂಗಿ ಚಾಪೆಯ ಮೇಲೆ ಮಲಗಿ ಸೂರು ನೋಡುತ್ತಾ ಕೇಕೆ ಹಾಕುತ್ತಿದ್ದಳು. ಸೂರಿನಲ್ಲಿ ಏನೂ ಇರಲಿಲ್ಲ. ಅತ್ತೆ ರೊಟ್ಟಿ ಬಡಿಯುತ್ತಲೇ ಆ ಕಡೆ ತಿರುಗಿ, "ಏನ್ ಕಂಡ್ಯವ್ವ ಅಲ್ಲಿ? ಸುಮ್‌ಸುಮ್ನೆ ನಗ್ತತಿ ನೋಡು ಇದು, ಸುಮ್‌ಸುಮ್ನೆ!" ಎಂದರು. ನನ್ನ ಕೈಲಿದ್ದ ಚೆಂಬು ಅಲ್ಲೇ ನಿಂತಿತು. ಓಣಿಗೆಲ್ಲ ಕೇಳುವ ಹಾಗೆ ಕೇಕೆ ಹಾಕುವ ಕೂಸಿಗೆ ಮೌನ ಎಂಬ ಮಾತನ್ನು ಎರಡೆರಡು ಸಲ ಹೇಳುವುದೆಂದರೇನು? "ಅತ್ತೆ, ಹಂಗಂದ್ರೇನು?" ಎಂದೆ. "ಏನೋ ನನಗೇನ್ ಗೊತ್ತು? ಕೂಸುಗಳಿಗೆ ಅನ್ನೋ ಮಾತದು. ನಮ್ಮಜ್ಜಿ ಅಂತಿದ್ಲು, ನಾನೂ ಅಂತೀನಿ." ದೊಡ್ಡವರ ಬಾಯಿಂದ ಬಿದ್ದುಹೋದ ಮಾತು ಕೂಸಾಟದಲ್ಲಿ ಜೋಡಿಯಾಗಿ ಉಳಿದುಕೊಂಡಿತ್ತು. ಕಾರಣವಿಲ್ಲದೆ. ಹಾಗೇ. ಯಾತಕ್ಕೂ ಅಲ್ಲದೆ. ನೀವು ಗುಟ್ಟು ಮುಚ್ಚಿಡುತ್ತಿರಲಿಲ್ಲ, ಇದ್ದದ್ದನ್ನೇ ಹೇಳುತ್ತಿದ್ದಿರಿ!

ಖುಷಿಗೆ ನನಗೆ ತಡೆಯಲಾಗಲಿಲ್ಲ. ಸಿನಿಮಾ, ಸ್ಟೇಷನ್ನು, ನಿನ್ನ ಕೂಗು, ಎಲ್ಲವನ್ನೂ ಅತ್ತೆಯ ಮುಂದೆ ಪಟಪಟ ಹೇಳಿಬಿಟ್ಟೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ಹಂಚಿನ ಮೇಲಿದ್ದದ್ದು ಕರಿ ತಿರುಗಿತು. ಆಮೇಲೆ, "ನಮ್ಮಣ್ಣ ಅವತ್ತು ಅದನ್ನೇ ಅಂದಿದ್ದ" ಎಂದರು. ಅವರಿಗಾಗ ಆರು ವರ್ಷ. ಕೊಟ್ರೇಶಿ ಹಿತ್ತಲ ಗೋಡೆ ಹಾರಿ ಹೋಗುವಾಗ ಇವರು ನೋಡಿ, "ಎಲ್ಲಿಗಣ್ಣ? ಯಾಕಣ್ಣ?" ಎಂದು ಕೇಳಿದ್ದರಂತೆ. ಅವನು ಗೋಡೆಯ ಮೇಲಿಂದ ಹಲ್ಲು ಬಿಟ್ಟು, "ಹೊಳೆ ಕಡೀಗೆ. ಸುಮ್ನೆ" ಎಂದನಂತೆ. ಆ ಹುಡುಗರ ನಡುವೆ ಇನ್ನೂ ಓಡಾಡುತ್ತಿದ್ದ ಮಾತಿರಬೇಕು. ಆರು ವರ್ಷದ ಹಾಲಮ್ಮನಿಗೆ ಮನೆಯಲ್ಲಿ ಗೊತ್ತಿದ್ದದ್ದು ಒಂದೇ ಅರ್ಥ. ಬಾಯಿ ಮುಚ್ಚಿಕೊಂಡಿರು ಎಂದು ಅಣ್ಣ ಹೇಳಿದನೆಂದು ತಿಳಿದು, ಬಾಯಿ ಮುಚ್ಚಿಕೊಂಡರು. ಮನೆಯವರೆಲ್ಲ ಊರು ಸುತ್ತಿ ಕೂಗುವಾಗಲೂ ತುಟಿ ತೆರೆಯಲಿಲ್ಲ. ತೆರೆದಾಗ ಹೊತ್ತು ಮೀರಿತ್ತು.

"ಅವನು ಸಾಯಾಕೆ ಹೊಂಟಿದ್ದ, ನಾನು ಅವನ ಗುಟ್ಟು ಕಾದೆ ಅಂತ ತಿಳ್ಕಂಡಿದ್ದೆ ನೀಲವ್ವ" ಎಂದರು. "ಅಲ್ಲತ್ತೆ. ಈಜೋಕೋ, ಕೂತ್ಕಳಾಕೋ, ಯಾತಕ್ಕೂ ಅಲ್ಲದೇನೋ ಹೋಗಿದ್ದ ಅಷ್ಟೇ. ಕಾಲು ಜಾರಿತು" ಎಂದೆ. ಇನ್ನು ಅತ್ತೆ ನನ್ನ ಕಡೆಗೇ ಎಂದು ಮನಸ್ಸು ಹಾರುತ್ತಿತ್ತು. ಅವರು ತಲೆಯೆತ್ತಿ ನನ್ನನ್ನು ನೋಡಿದ ನೋಟವನ್ನು ನಿನಗೆ ಹೇಗೆ ಹೇಳಲಿ. "ಸುಮ್ನೆ ಹೋದೋನೂ ಸತ್ತನಲ್ಲೇ? ನೀನು ಯಾತಕ್ಕೆ ಹೋದ್ರೂ ಹೊಳೆ ಹೊಳೆನೇ. ನಿನ್ನ ಮಗಳು ಹದಿನಾರಕ್ಕೆ ಗೋಡೆ ಹಾರಿದ್ರೆ ಯಾರು ಹಿಡೀತಾರೆ? ಆ ಸಿನಿಮಾದ ಹುಡುಗಿ ಬರ್ತಾಳೇನು?"

ಅದಾಗಿ ಎರಡು ದಿನ. ಅತ್ತೆ ಬೇಕಾದಷ್ಟೇ ಮಾತಾಡುತ್ತಿದ್ದಾರೆ. ಸಂಜೆ ಚಾವಡಿಯಲ್ಲಿ "ಯಾಕೆ ಬೇಡ?" ಎಂದು ಕೇಳಿದಾಗ ನಾನು ಏನನ್ನಲಿ? ನಿಜವಾದ ಕಾರಣ ನನ್ನಲ್ಲಿಲ್ಲ. ಹರೆಯದಿಂದ ಏನು ಸಿಗುತ್ತದೆ ಎಂದು ತೋರಿಸಲು ನನಗದು ಬಂದೇ ಇಲ್ಲ. ಪಾಂಡುವಿನ ಪಾಳಿ, ನಿನ್ನ ಗೇಲಿ, ಆ ಮಂಡಕ್ಕಿ ನನ್ನ ಮಗಳಿಗೂ ಇರಲಿ ಎಂದಷ್ಟೇ ಅನ್ನಿಸುತ್ತದೆ. ಯಾಕೆ ಎಂದು ಕೇಳಿದರೆ ನಿನ್ನ ಆ ಒಂದೇ ಮಾತು ಉಳಿಯುತ್ತದೆ. ನಾನು ಅದನ್ನು ಅಂದರೆ ಚಾವಡಿಯವರು ಇವಳು ಬಾಯಿ ಮುಚ್ಚಿಕೊಂಡಳು, ಒಪ್ಪಿದಳು ಎಂದು ಬರೆದುಕೊಳ್ಳುತ್ತಾರೆ. ಇಬ್ಬರೂ ಬೇರೆ ಬೇರೆ ನಿಂತು ಅದನ್ನೇ ಅಂದರೆ, ಮೌನವಲ್ಲ ಎಂದು ಕಿವಿಗೆ ತಿಳಿಯುವಷ್ಟು ಜೋರಾಗಿ ಅಂದರೆ, ಆಗ ಅದನ್ನು ಕಾರಣವೆಂದು ಹಿಡಿಯಲೇಬೇಕು. ಅತ್ತೆ ಅನ್ನುತ್ತಾರೆಯೇ? ಕೇಳಲು ಎರಡು ಸಲ ಅವರ ಕೋಣೆಯ ಹೊಸ್ತಿಲವರೆಗೆ ಹೋಗಿ ಬಂದೆ. ಅವರಣ್ಣನನ್ನು ತಿಂದ ಮಾತನ್ನು ಅವರ ಬಾಯಲ್ಲೇ ಆಡಿಸಲು ನಾನು ಯಾರು?

ಈಗ ನಿನ್ನನ್ನೊಂದು ಕೇಳಬೇಕು. ನೀನು ಬಾಯಿ ತೆರೆದಾಗ ಏನಂದೆ? ಇಳಿದೆಯಾ? ಕಥೆಯ ವಿಶಾಲು ಇಳಿದಳೋ ಇಲ್ಲವೋ ನನಗೆ ಯಾವತ್ತೂ ತಿಳಿಯುವುದಿಲ್ಲ. ಆದರೆ ಮೊನ್ನೆಯಿಂದ ಒಂದು ಯೋಚನೆ ಕೈಹಿಡಿದಿದೆ. ಆ ಕೊನೆಯ ಚಿತ್ರದಲ್ಲಿ ಕಟ್ಟೆಯ ಕಲ್ಲಿನ ಮೇಲೆ ಒಂದು ಕೊಡೆಯ ನೆರಳು ಬಿದ್ದಿದೆ. ಮಳೆಯಿಲ್ಲ, ಅಲ್ಲಿ ಕೊಡೆ ಹಿಡಿದವರು ಕಥೆಯಲ್ಲೂ ಇಲ್ಲ. ಕ್ಯಾಮೆರಾಕ್ಕೆ ಬಿಸಿಲು ತಾಗದಿರಲೆಂದು ಯಾರೋ ಹಿಡಿದಿರಬೇಕು. ಹಾಗಾದರೆ ನಿನ್ನ ಸುತ್ತ ಜನ ಇದ್ದರು. ಸಾಕು ಇಳಿಯವ್ವ ಎಂದಿರಬೇಕು, ಯಾರೋ ಕೈ ಕೊಟ್ಟಿರಬೇಕು, ನೀನು ಲಂಗ ಕೊಡವಿಕೊಂಡು ಚಹಾ ಕುಡಿದಿರಬೇಕು. ಆಮೇಲೆ ದೊಡ್ಡವಳಾಗಿ, ಮದುವೆಯೋ ಕೆಲಸವೋ ಏನೋ ಮಾಡಿ, ಒಂದು ದಿನ ನಿನ್ನ ಮಗಳು ಹೊರಗೆ ಹೊರಟಾಗ ನಿನ್ನ ಎದೆಯೂ ಡವಡವ ಅಂದಿರಬೇಕು. ನಿಮ್ಮಲ್ಲಿ ಹೆಪ್ಪು ಇರಲಿಲ್ಲ. ನೀವೆಲ್ಲ ಹೇಗೆ ತಡೆದುಕೊಂಡಿರಿ?

ಬರೆಯುವುದನ್ನು ಇಲ್ಲಿ ನಿಲ್ಲಿಸಿದ್ದೆ, ಒಳಗೆ ಸಪ್ಪಳವಾಯಿತು. ಅತ್ತೆ ಎದ್ದಿದ್ದಾರೆ. ಎಲ್ಲರೂ ನಿದ್ದೆಯಲ್ಲಿದ್ದಾರೆ ಎಂದುಕೊಂಡು ಬರಿಗಾಲಲ್ಲಿ ಬಾಗಿಲ ಮುಂದೆ ಹೋಗಿ ನಿಂತರು. ಈ ಬಿಸಿಲಲ್ಲಿ! ಯಾಕಮ್ಮ "ಯಾಕೆ?" ಎಂದಳು. ಅತ್ತೆ ಏನೋ ಪಿಸುಗುಟ್ಟಿದರು. ಬಾಗಿಲು ತೆರೆಯಲಿಲ್ಲ. "ಯಾಕೆ?" ಅತ್ತೆ ಗಂಟಲು ಸರಿಮಾಡಿಕೊಂಡು, "ಸುಮ್ನೆ" ಎಂದರು. "ಯಾಕೆ?" "ಸುಮ್ನೆ ಅಂದ್ನಲ್ಲ, ಕಿವ್ಡಿ!" "ಯಾಕೆ?" ಆಗ ಅವರು ಎರಡೂ ಕೈಯನ್ನು ಬಾಯಿಗೆ ದೊನ್ನೆಯ ಹಾಗೆ ಹಿಡಿದರು, ನಾನು ತೋರಿಸಿದ್ದೆನಲ್ಲ, ಹಾಗೆ. ಆರು ವರ್ಷದ ಹುಡುಗಿ ಗೋಡೆಯ ಆಚೆಗೆ ಕೇಳಲೆಂದು ಕೂಗಿದ ಹಾಗೆ ಕೂಗಿದರು. ಮುರಿಗೇಶ ಎದ್ದು ಕೂತ. ತುಂಗಿ ಬೆಚ್ಚಿ, ಅಳುವುದೋ ನಗುವುದೋ ತಿಳಿಯದೆ ಒಂದು ಗಳಿಗೆ ನೋಡಿ, ಕೇಕೆ ಹಾಕಿದಳು. ಬಾಗಿಲು ತೆರೆಯಲೇ ಇಲ್ಲ. ಅತ್ತೆ ತಿರುಗಿ ನಾನು ಎಚ್ಚರವಿರುವುದನ್ನು ನೋಡಿದರು. ಮುಖದಲ್ಲಿ ಬೆವರೋ ಕಣ್ಣೀರೋ. "ಇಷ್ಟು ಜೋರು ಸಾಕೇನು?" ಎಂದು ಕೇಳಿದರು. ಸಾಕು ಎಂದೆ. "ಕೂಸು ದೊಡ್ಡದಾದ ಮೇಲೆ ಹೊಳೆ ಕಾಯಾಕೆ ನಾನಿರಲ್ಲ. ನೀನೇ ಕಾಯ್ಬೇಕು" ಎಂದು ಹೇಳಿ, ಮುಖ ತೊಳೆಯಲು ಹೋದರು.

ಹೊತ್ತು ಇಳಿಯುತ್ತಿದೆ. ಕಣ್ಣ ಕೆಳಗೆ ಪೌಡರ್ ಹಚ್ಚಿಕೊಳ್ಳಬೇಕು. ಚಾವಡಿ ನಮ್ಮ ಮಾತನ್ನು ಕಾರಣವೆಂದು ಹಿಡಿಯುತ್ತದೋ, ಬಾಗಿಲ ಹಾಗೆ ಮುಚ್ಚಿಕೊಂಡೇ ಇರುತ್ತದೋ ಗೊತ್ತಿಲ್ಲ. ಹಿಡಿದರೆ ಹದಿನೈದು ವರ್ಷದ ಮೇಲೆ ಒಂದು ಸಂಜೆ ನನ್ನ ಮಗಳು ಗೋಡೆ ಹಾರುತ್ತಾಳೆ, ನಾನು ಸೇತುವೆಯ ಕಡೆ ಕಣ್ಣಿಟ್ಟು ಕೂರುತ್ತೇನೆ. ಆ ನಿದ್ದೆಗೇಡು ನನಗಿರಲಿ ವಿಶಾಲು, ಈಗಾಗಲೇ ಅರ್ಧ ಕಲಿತಿದ್ದೇನೆ. ನೀನು ನಿನ್ನ ಕಾಲದವರಿಗೆ ಒಂದು ಮಾತು ಹೇಳಿಬಿಡು. ಯಾಕೆ ಎಂದು ಕೇಳಿದರೆ ಮನೆಯ ಹುಡುಗರು ಸುಮ್ನೆ ಅಂದಾಗ, ಅವರು ಏನೋ ಮುಚ್ಚಿಡುತ್ತಿದ್ದಾರೆಂದು ಹೆದರಿ ಬಾಯಿ ಕಟ್ಟಿಕೊಂಡು ಕೂರುವುದು ಬೇಡ. ಹೊಳೆ ತುಂಬಿದೆ, ಕಟ್ಟೆ ಜಾರುತ್ತದೆ ಎಂದು ಹಿಂದಿನಿಂದ ಕೂಗಿ ಹೇಳಲಿ. ಜೊತೆಗೆ ಇನ್ನೊಂದನ್ನೂ ಕೂಗಲಿ, ಕತ್ತಲಾಗೋದ್ರೊಳಗೆ ಬಾ ಎಂದು.

ಅತ್ತೆ ಕರೆಯುತ್ತಿದ್ದಾರೆ. ತುಂಗಿಗೆ ಅಂಗಿ ಹಾಕಿ ಆಗಲೇ ಎತ್ತಿಕೊಂಡಿದ್ದಾರೆ.

ನಿನ್ನ ನೀಲಗಂಗ